ಆಸ್ಕರ್ನಿಶ್ ಗಾಲ್ಫ್ ಕೋರ್ಸ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡ್‌ನ ಸೌತ್ ಯೂಯಿಸ್ಟ್ ದ್ವೀಪದಲ್ಲಿರುವ ಈ ಕೋರ್ಸ್ ಬಗ್ಗೆ ಬಾಯಿ ಬಿಟ್ಟರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಬೆಂಗಳೂರಿನ ಗಾಲ್ಫ್ ಗೆಳೆಯರು, ಗ್ಲಾಸ್ಗೋ ಮತ್ತು ಅಬರ್ಡೀನ್ ಕಡೆ ಇರುವ ಕನ್ನಡದವರು, ಗಾಲ್ಫ್ ಅಂದರೆ ಏನೂಂತ ಗೊತ್ತಿಲ್ಲದ ನೆಂಟರು, ಎಲ್ಲರೂ ಕೇಳುವುದು ಹೆಚ್ಚು ಕಮ್ಮಿ ಇವನ್ನೇ. ಅವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿ, ಉಳಿದದ್ದು ಬಿಡಿ.

## ಹೊರಡುವ ಮೊದಲು

ಇದು ಎಲ್ಲಿದೆ ಮಾರಾಯ್ರೇ? ಮ್ಯಾಪ್‌ನಲ್ಲಿ ಹುಡುಕಿದ್ರೂ ಸಿಗ್ತಿಲ್ಲ.

ಬ್ರಿಟನ್ ಮ್ಯಾಪ್ ತೆಗೆಯಿರಿ. ಸ್ಕಾಟ್ಲೆಂಡ್‌ನ ಎಡಗಡೆ ಸ್ಕೈ ದ್ವೀಪ ಕಾಣುತ್ತದೆ. ಅದರಾಚೆ ಇನ್ನೂ ಪಶ್ಚಿಮಕ್ಕೆ, ಮೇಲಿಂದ ಕೆಳಕ್ಕೆ ಉದ್ದಕ್ಕೆ ಸುರಿದಂತೆ ಒಂದು ದ್ವೀಪಸಾಲು ಇದೆ. ಅದು ಔಟರ್ ಹೆಬ್ರಿಡೀಸ್. ಆ ಸಾಲಿನ ಕೆಳ ಅರ್ಧದಲ್ಲಿ ಸೌತ್ ಯೂಯಿಸ್ಟ್ ಸಿಗುತ್ತದೆ. ಪೂರ್ವಕ್ಕೆ ಗುಡ್ಡ, ನಡುವೆ ಕೆರೆ ಮತ್ತು ಜೌಗು, ಪಶ್ಚಿಮಕ್ಕೆ 30 ಕಿಲೋಮೀಟರ್‌ಗಿಂತ ಉದ್ದದ ಬಿಳಿ ಮರಳ ದಂಡೆ. ಜನ 1700ರ ಆಸುಪಾಸು. ಆಸ್ಕರ್ನಿಶ್ ಆ ಮರಳ ದಂಡೆಯ ಬೆನ್ನಿಗೆ, ದ್ವೀಪದ ದಕ್ಷಿಣ ಭಾಗದಲ್ಲಿದೆ. ಅಕ್ಷಾಂಶ 57 ಡಿಗ್ರಿಗೂ ಸ್ವಲ್ಪ ಮೇಲೆ. ಅಲ್ಲಿಂದ ನೇರ ಪಶ್ಚಿಮಕ್ಕೆ ಹೋದರೆ ಕೆನಡಾವರೆಗೂ ಬರೀ ನೀರು.

ಗಾಲ್ಫ್ ಆಡೋಕೆ ಅಷ್ಟು ದೂರ ಯಾಕೆ? ಅಲ್ಲಿ ಅಂಥದ್ದೇನಿದೆ?

ಅಲ್ಲಿ ಏನಿಲ್ಲ ಅನ್ನುವುದರಿಂದ ಶುರು ಮಾಡುತ್ತೇನೆ. ದೊಡ್ಡ ಗೇಟ್ ಇಲ್ಲ. ಅಲಂಕಾರದ ಹೂಕುಂಡ ಇಲ್ಲ. ನೀರು ಚಿಮ್ಮಿಸಿ ಬೆಳೆಸಿದ ಹಚ್ಚ ಹಸಿರು ಹಾಸಿಲ್ಲ. ಮರ ಅಂತೂ ಒಂದೂ ಇಲ್ಲ. ಬೆಂಗಳೂರಿನ ಕೋರ್ಸ್‌ಗಳಲ್ಲಿ ಆಡಿ ಅಭ್ಯಾಸ ಇರುವವರು ಮೊದಲ ಟೀ (ಚೆಂಡು ಹೊಡೆದು ಆಟ ಶುರು ಮಾಡುವ ಜಾಗ) ಮೇಲೆ ನಿಂತು "ಇದೇನಾ?" ಅನ್ನುತ್ತಾರೆ. ತಪ್ಪೇನಿಲ್ಲ. ಮೊದಲ ಆರು ಹೋಲ್ (ಟೀಯಿಂದ ಗುಳಿಯವರೆಗಿನ ಒಂದೊಂದು ಭಾಗ) ಹೆಚ್ಚು ಕಮ್ಮಿ ಸಮತಟ್ಟು ಹುಲ್ಲುಗಾವಲು.

ಏಳನೇ ಹೋಲ್‌ನಿಂದ ಕೋರ್ಸ್ ಮರಳುದಿಬ್ಬಗಳ ಒಳಗೆ ನುಗ್ಗುತ್ತದೆ. ಎಡವಿದರೆ ಗುಂಡಿ, ಹತ್ತಿದರೆ ಸಮುದ್ರ. ಈ ಏರಿಳಿತವನ್ನು ಯಾರೂ ಬುಲ್ಡೋಜರ್ ತಂದು ಮಾಡಿದ್ದಲ್ಲ, ಗಾಳಿ ಮಾಡಿದ್ದು. 1891ರಲ್ಲಿ ಆ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಇಲ್ಲಿಗೆ ಬಂದು 18 ಹೋಲ್ ಗುರುತು ಹಾಕಿದ್ದ. ಆಮೇಲೆ ಅದು ಬಹುಕಾಲ ಮರೆತೇ ಹೋಗಿತ್ತು. 2008ರಲ್ಲಿ ಮತ್ತೆ ತೆರೆಯಿತು. ಗಾಲ್ಫ್ ಹುಟ್ಟಿದ ಕಾಲದಲ್ಲಿ ಆಟ ಹೇಗಿತ್ತು ಅಂತ ಕಾಲಿನಿಂದ ತಿಳಿಯಬೇಕು ಅಂದರೆ ಇದಕ್ಕಿಂತ ಹತ್ತಿರದ ಜಾಗ ನನಗೆ ಗೊತ್ತಿಲ್ಲ.

ನಾನು ಆಡಲ್ಲ. ಮನೆಯವರು ಆಡ್ತಾರೆ. ನಾನು ಅಲ್ಲಿ ಸುಮ್ನೆ ಕೂತ್ಕೊಬೇಕಾ?

ಕೂರಬೇಡಿ, ನಡೆಯಿರಿ. ಸ್ಕಾಟ್ಲೆಂಡ್‌ನಲ್ಲಿ 2003ರ ಭೂಸುಧಾರಣಾ ಕಾಯ್ದೆ ಪ್ರಕಾರ ಗಾಲ್ಫ್ ಕೋರ್ಸ್ ದಾಟಿ ಹೋಗುವ ಹಕ್ಕು ಎಲ್ಲರಿಗೂ ಇದೆ. ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲು) ಮೇಲೆ ಕಾಲಿಡಬಾರದು, ಯಾರಾದರೂ ಹೊಡೆಯುವ ಹೊತ್ತಿಗೆ ನಿಂತು ದಾರಿ ಕೊಡಬೇಕು, ಅಷ್ಟೇ. ಕೋರ್ಸ್ ದಾಟಿದರೆ ಕಡಲತೀರ. ಜೂನ್, ಜುಲೈನಲ್ಲೂ ಮೈಲಿಗಟ್ಟಲೆ ಒಬ್ಬರೂ ಎದುರಾಗದೆ ಇರಬಹುದು.

ಕಾರಿದ್ದರೆ ಇನ್ನೂ ಬೇಕಾದಷ್ಟಿದೆ. ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಕಿಲ್ಡೋನನ್ ಮ್ಯೂಸಿಯಂ. ಅದರ ಹತ್ತಿರವೇ ಮಿಲ್ಟನ್‌ನಲ್ಲಿ ಫ್ಲೋರಾ ಮ್ಯಾಕ್‌ಡೊನಾಲ್ಡ್ ಹುಟ್ಟಿದ ಮನೆಯ ಕಲ್ಲುಗೋಡೆ ಉಳಿದಿದೆ. 1746ರಲ್ಲಿ ಸೋತು ಓಡುತ್ತಿದ್ದ ರಾಜಕುಮಾರ ಚಾರ್ಲ್ಸ್‌ನನ್ನು ಹೆಂಗಸಿನ ವೇಷದಲ್ಲಿ ದೋಣಿ ಹತ್ತಿಸಿ ಸ್ಕೈಗೆ ದಾಟಿಸಿದವಳು ಇವಳೇ. ದಕ್ಷಿಣಕ್ಕೆ ಹೋದರೆ ಕಾಸ್‌ವೇ, ಅಂದರೆ ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ ರಸ್ತೆ, ದಾಟಿ ಎರಿಸ್ಕೇ ದ್ವೀಪ. 1941ರಲ್ಲಿ ಅದರ ಪಕ್ಕದಲ್ಲಿ ಒಂದು ಸರಕು ಹಡಗು ಬಂಡೆಗೆ ಬಡಿಯಿತು. ಒಳಗೆ ಎರಡು ಲಕ್ಷಕ್ಕೂ ಜಾಸ್ತಿ ಬಾಟಲಿ ವಿಸ್ಕಿ. ಊರಿನವರು ರಾತ್ರಿ ರಾತ್ರಿ ದೋಣಿಯಲ್ಲಿ ಹೋಗಿ ಎತ್ತಿಕೊಂಡು ಬಂದು ಹುಲ್ಲಿನ ಮೆದೆಯಲ್ಲಿ, ಮರಳಿನಲ್ಲಿ ಬಚ್ಚಿಟ್ಟರು. ಅಧಿಕಾರಿಗಳು ಬಂದು ಹುಡುಕಿದರು, ಕೆಲವರು ಜೈಲಿಗೂ ಹೋದರು. ಆ ಹಡಗಿನ ಹೆಸರಿನ ಪಬ್ ಇವತ್ತಿಗೂ ಎರಿಸ್ಕೇಯಲ್ಲಿದೆ.

## ದಾರಿ, ಊಟ, ಖರ್ಚು

ಬೆಂಗಳೂರಿನಿಂದ ಹೋಗೋದು ಹೇಗೆ? ಒಂದೇ ದಿನದಲ್ಲಿ ತಲುಪಬಹುದಾ?

ಒಂದೇ ದಿನದಲ್ಲಿ ಆಗಲ್ಲ, ಆಗಿಸಲೂ ಬೇಡಿ. ದುಬೈ ಮೂಲಕವೋ ಲಂಡನ್ ಮೂಲಕವೋ ಗ್ಲಾಸ್ಗೋಗೆ ಬನ್ನಿ. ಒಂದು ರಾತ್ರಿ ಅಲ್ಲೇ ನಿದ್ದೆ ಮಾಡಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಬ್ರಿಟನ್‌ನ ವಿಸಿಟರ್ ವೀಸಾ ಬೇಕು. ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ.

ಗ್ಲಾಸ್ಗೋದಿಂದ ಎರಡು ದಾರಿ. ಮೊದಲನೆಯದು ವಿಮಾನ. ಲೋಗನ್‌ಏರ್‌ನ ಸಣ್ಣ ವಿಮಾನ ಸುಮಾರು ಒಂದು ಗಂಟೆಯಲ್ಲಿ ಬೆನ್‌ಬೆಕ್ಯುಲಾಗೆ ಇಳಿಸುತ್ತದೆ. ಅಲ್ಲಿಂದ ಆಸ್ಕರ್ನಿಶ್‌ಗೆ ದಕ್ಷಿಣಕ್ಕೆ 20 ಮೈಲಿಯ ಆಸುಪಾಸು, ನಡುವೆ ಕಾಸ್‌ವೇ ಇರುವುದರಿಂದ ದೋಣಿ ಬೇಡ. ಸಣ್ಣ ವಿಮಾನ ಅಂದೆನಲ್ಲ, ಗಾಲ್ಫ್ ಬ್ಯಾಗ್‌ಗೆ ಜಾಗ ಇದೆಯಾ ಅಂತ ಟಿಕೆಟ್ ತೆಗೆಯುವಾಗಲೇ ಖಚಿತ ಮಾಡಿಕೊಳ್ಳಿ.

ಎರಡನೆಯದು ರೈಲು ಮತ್ತು ಫೆರ್ರಿ. ಗ್ಲಾಸ್ಗೋದಿಂದ ವೆಸ್ಟ್ ಹೈಲ್ಯಾಂಡ್ ರೈಲು ಹತ್ತಿ ಮ್ಯಾಲೆಗ್‌ಗೆ ಹೋಗಿ. ಐದು ಗಂಟೆ ಮೀರಿದ ಪ್ರಯಾಣ, ಆದರೆ ಕಿಟಕಿ ಬಿಟ್ಟು ಕಣ್ಣು ಕೀಳಲು ಆಗಲ್ಲ. ಮ್ಯಾಲೆಗ್‌ನಿಂದ ಕ್ಯಾಲ್‌ಮ್ಯಾಕ್ ಫೆರ್ರಿ ಮೂರೂವರೆ ಗಂಟೆಯಲ್ಲಿ ಲಾಕ್‌ಬಾಯ್ಸ್‌ಡೇಲ್ ತಲುಪಿಸುತ್ತದೆ. ಅಲ್ಲಿಂದ ಕೋರ್ಸ್ ಹತ್ತು ಹದಿನೈದು ನಿಮಿಷದ ಡ್ರೈವ್. ಈ ಮಾರ್ಗ ಪ್ರತಿ ಋತುವಿನಲ್ಲೂ ಒಂದೇ ಥರ ಇರುವುದಿಲ್ಲ. ಕೆಲವು ಸಲ ಓಬನ್‌ನಿಂದ ಹೊರಡುತ್ತದೆ, ಆಗ ಸಮುದ್ರದ ಮೇಲೆ ಐದು ಗಂಟೆಗೂ ಜಾಸ್ತಿ. ಟೈಮ್‌ಟೇಬಲ್ ನೋಡದೆ ಹೋಟೆಲ್ ಬುಕ್ ಮಾಡಬೇಡಿ.

ಫೆರ್ರಿ ಕ್ಯಾನ್ಸಲ್ ಆದ್ರೆ ಏನ್ಮಾಡೋದು?

ಆಗುತ್ತದೆ ಅಂತಲೇ ಪ್ಲ್ಯಾನ್ ಮಾಡಿ. ಚಳಿಗಾಲದಲ್ಲಂತೂ ಗಾಳಿ ಎದ್ದರೆ ಹಡಗು ಹೊರಡಲ್ಲ, ಯಾರನ್ನು ಬೈದರೂ ಪ್ರಯೋಜನ ಇಲ್ಲ. ಬೇಸಿಗೆಯಲ್ಲೂ ಹಡಗು ಕೆಟ್ಟರೆ ಬದಲಿ ಹಡಗು ಸುಲಭಕ್ಕೆ ಸಿಗುವುದಿಲ್ಲ. ಆಗ ಇರುವ ದಾರಿ ಸ್ಕೈ ದ್ವೀಪದ್ದು. ಸ್ಕೈಗೆ ಸೇತುವೆ ಇದೆ. ಅಲ್ಲಿನ ಊಯಿಗ್ ಬಂದರಿನಿಂದ ನಾರ್ತ್ ಯೂಯಿಸ್ಟ್‌ನ ಲಾಕ್‌ಮ್ಯಾಡಿಗೆ ಎರಡು ಗಂಟೆಯೊಳಗೆ ದಾಟಿ, ಅಲ್ಲಿಂದ ಕಾಸ್‌ವೇ ಮೇಲೆ ದಕ್ಷಿಣಕ್ಕೆ ಕಾರಿನಲ್ಲಿ ಬರಬಹುದು. ಸುತ್ತು, ಆದರೆ ತಲುಪುತ್ತೀರಿ.

ನನ್ನ ಸಲಹೆ ಇಷ್ಟೇ. ಆಡುವ ದಿನದ ಹಿಂದೆ ಒಂದು, ಮುಂದೆ ಒಂದು ದಿನ ಖಾಲಿ ಬಿಡಿ. ದ್ವೀಪದಿಂದ ಹೊರಟ ದಿನವೇ ಗ್ಲಾಸ್ಗೋದಿಂದ ಅಂತರರಾಷ್ಟ್ರೀಯ ವಿಮಾನ ಹಿಡಿಯುವ ಸಾಹಸ ಯಾರೂ ಮಾಡಬೇಡಿ. ಮತ್ತೆ, ಬೇಸಿಗೆಯಲ್ಲಿ ಫೆರ್ರಿಯ ಕಾರ್ ಡೆಕ್ ತಿಂಗಳುಗಳ ಮೊದಲೇ ತುಂಬಿರುತ್ತದೆ. ಕಾರಿಲ್ಲದೆ ಕಾಲುನಡಿಗೆಯಲ್ಲಿ ಹತ್ತುವವರಿಗೆ ಸಾಮಾನ್ಯವಾಗಿ ಜಾಗ ಸಿಗುತ್ತದೆ.

ಕಾರು ಬೇಕೇ ಬೇಕಾ? ನಮ್ಮ ಲೈಸೆನ್ಸ್ ನಡೆಯುತ್ತಾ?

ಬೇಕು. ಬಸ್ ಇದೆ, ಆದರೆ ಟೀ ಟೈಮ್‌ಗೆ, ಅಂದರೆ ಆಟ ಶುರು ಮಾಡಲು ಗೊತ್ತುಮಾಡಿದ ಹೊತ್ತಿಗೆ, ಹೊಂದುವುದಿಲ್ಲ. ಭಾನುವಾರವಂತೂ ಅದನ್ನು ನಂಬಬೇಡಿ. ಭಾರತದ ಲೈಸೆನ್ಸ್‌ನಲ್ಲಿ 12 ತಿಂಗಳವರೆಗೆ ಓಡಿಸಬಹುದು. ನಮ್ಮ ಹಾಗೆ ಎಡಗಡೆಯೇ ಓಡಿಸುವುದು.

ಹೊಸತು ಅನ್ನಿಸುವುದು ಸಿಂಗಲ್ ಟ್ರ್ಯಾಕ್ ರಸ್ತೆ. ಒಂದೇ ಗಾಡಿ ಹಿಡಿಯುವಷ್ಟು ಅಗಲ, ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಅನ್ನುವ ಅಗಲ ಜಾಗ. ಎದುರಿನಿಂದ ಗಾಡಿ ಕಂಡಾಗ ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ಒಳಗೆ ಹೋಗಬೇಡಿ, ಅದರ ಎದುರು ನಿಮ್ಮ ಸಾಲಿನಲ್ಲೇ ನಿಲ್ಲಿ, ಎದುರಿನವರು ಸುತ್ತಿಕೊಂಡು ಬರುತ್ತಾರೆ. ಹಿಂದೆ ಯಾರಾದರೂ ಅಂಟಿಕೊಂಡಿದ್ದರೆ ಅವರಿಗೂ ಹೀಗೇ ದಾರಿ ಬಿಡಿ. ಅವರಿಗೆ ಕೆಲಸ ಇದೆ, ನಮಗೆ ರಜೆ. ದಾರಿ ಬಿಟ್ಟವರಿಗೆ ಕೈ ಎತ್ತುವುದು ಇಲ್ಲಿನ ರೂಢಿ. ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೂ ಆಯಿತು. ಹಾರ್ನ್ ಮಾತ್ರ ಮರೆತುಬಿಡಿ. ಕುರಿ ರಸ್ತೆಯಲ್ಲಿ ಮಲಗಿದ್ದರೆ ಅದು ಏಳುವವರೆಗೆ ಕಾಯಿರಿ. ಬೋರ್ಡ್‌ಗಳಲ್ಲಿ ಊರಿನ ಹೆಸರು ಮೊದಲು ಇಲ್ಲಿನ ಭಾಷೆ ಗೇಲಿಕ್‌ನಲ್ಲಿರುತ್ತದೆ, ಹಾಗಾಗಿ ಎರಡೂ ರೂಪ ಬರೆದಿಟ್ಟುಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಹೂವು ನೋಡಬೇಕು ಅಂದರೆ ಜೂನ್ ಕೊನೆ, ಜುಲೈ. ಜೂನ್‌ನಲ್ಲಿ ಬೆಳಗ್ಗೆ ನಾಲ್ಕೂವರೆಗೆ ಸೂರ್ಯ ಬರುತ್ತಾನೆ, ರಾತ್ರಿ ಹತ್ತೂವರೆ ಹೊತ್ತಿಗೆ ಮುಳುಗುತ್ತಾನೆ. ಊಟ ಮುಗಿಸಿ ಎಂಟು ಗಂಟೆಗೆ ಒಂಬತ್ತು ಹೋಲ್ ಆಡಲು ಹೊರಡಬಹುದು. ಆ ಹೊತ್ತಿನ ಓರೆ ಬೆಳಕಲ್ಲಿ ನೆಲದ ಒಂದೊಂದು ಉಬ್ಬು ತಗ್ಗೂ ಎದ್ದು ಕಾಣುತ್ತದೆ. ನನ್ನನ್ನು ಕೇಳಿದರೆ ಮಧ್ಯಾಹ್ನಕ್ಕಿಂತ ಈ ಹೊತ್ತೇ ಮೇಲು.

ಬೇಸಿಗೆ ಅಂದಾಕ್ಷಣ ಟೀ ಶರ್ಟ್ ತುಂಬಿಕೊಂಡು ಬರಬೇಡಿ. ಮಧ್ಯಾಹ್ನವೂ ಸಾಮಾನ್ಯವಾಗಿ 15, 16 ಡಿಗ್ರಿ ಆಸುಪಾಸೇ. ಗಾಳಿ ಸೇರಿದರೆ ಇನ್ನೂ ಕಡಿಮೆ ಅನ್ನಿಸುತ್ತದೆ. ಒಳ್ಳೆ ಮಳೆ ಜಾಕೆಟ್, ಪ್ಯಾಂಟ್, ಉಣ್ಣೆ ಟೋಪಿ ತನ್ನಿ. ಛತ್ರಿ ಬೇಡ, ಮೊದಲ ಗಾಳಿಗೇ ಮಗುಚುತ್ತದೆ. ಇಲ್ಲಿನ ನುಸಿಯ ಹೆಸರು ಮಿಜ್. ಗಾಳಿ ಇರುವಷ್ಟು ಹೊತ್ತು ಅದು ಹತ್ತಿರ ಸುಳಿಯಲ್ಲ. ಗಾಳಿ ನಿಂತ ಸಂಜೆ ಮಾತ್ರ ಮುಖ ಮುಚ್ಚಿಕೊಳ್ಳುವ ಬಲೆ ಇದ್ದರೆ ಬಚಾವ್.

ನಾವು ಶುದ್ಧ ಸಸ್ಯಾಹಾರಿ. ಊಟದ ಗತಿ?

ಉಪವಾಸ ಬೀಳಲ್ಲ, ಆದರೆ ಹಬ್ಬದೂಟವೂ ಸಿಗಲ್ಲ. ಹೋಟೆಲ್‌ಗಳಲ್ಲಿ ಮೀನು, ಏಡಿ, ಸ್ಕ್ಯಾಲಪ್ ಚೆನ್ನಾಗಿರುತ್ತವೆ, ತಿನ್ನುವವರ ಅದೃಷ್ಟ. ತಿನ್ನದವರಿಗೆ ಬೇಯಿಸಿದ ಆಲೂಗಡ್ಡೆ, ಚೀಸ್, ಪಾಸ್ತಾ, ಗಂಜಿ. ಸೂಪ್ ಬಗ್ಗೆ ಹುಷಾರು. ಹೆಸರಲ್ಲಿ ಬರೀ ಬೇಳೆ ಇದ್ದರೂ ಹಂದಿಮಾಂಸದ ನೀರಲ್ಲಿ ಬೇಯಿಸಿರಬಹುದು. "ಸ್ಟಾಕ್ ಯಾವುದು?" ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಅರ್ಧ ತಲೆನೋವು ಹೋಯಿತು. ಡಾಲಿಬರೋದಲ್ಲಿ ಕೋ-ಆಪ್ ಅಂಗಡಿ ಇದೆ, ಕೋರ್ಸ್‌ಗೆ ತೀರಾ ಹತ್ತಿರ. ತರಕಾರಿ, ಹಾಲು, ಮೊಸರು, ಬ್ರೆಡ್ ಸಿಗುತ್ತದೆ. ಮೂಲಂಗಿ, ಕೊತ್ತಂಬರಿ ಇದ್ದರೆ ನಿಮ್ಮ ಪುಣ್ಯ, ಕರಿಬೇವು ಕೇಳಲೇಬೇಡಿ. ಫೆರ್ರಿ ಬರದ ದಿನ ಶೆಲ್ಫ್ ಖಾಲಿ ಇರುತ್ತದೆ ಅನ್ನುವುದೂ ನೆನಪಿರಲಿ. ರವೆ, ಸಾರಿನ ಪುಡಿ, ಅವಲಕ್ಕಿ, ಉಪ್ಪಿನಕಾಯಿ ಊರಿನಿಂದ ತನ್ನಿ. ತುಪ್ಪ, ಧಾರವಾಡ ಪೇಡ ತರಬೇಡಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಬ್ರಿಟನ್ನಿಗೆ ತರಲು ಬಿಡುವುದಿಲ್ಲ, ಏರ್‌ಪೋರ್ಟ್‌ನಲ್ಲಿ ಕಸಿದುಕೊಳ್ಳುತ್ತಾರೆ.

ಆಡೋಕೆ ತುಂಬಾ ದುಬಾರಿನಾ?

ಆಟ ದುಬಾರಿ ಅಲ್ಲ, ತಲುಪುವುದು ದುಬಾರಿ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಬೇಸಿಗೆಯ ಒಂದು ರೌಂಡ್ 300 ಪೌಂಡ್ ದಾಟಿದೆ. ಆಸ್ಕರ್ನಿಶ್ ಅದಕ್ಕಿಂತ ಎಷ್ಟೋ ಕಡಿಮೆ. ಶುಲ್ಕ ವರ್ಷ ವರ್ಷ ಬದಲಾಗುವುದರಿಂದ ಕ್ಲಬ್‌ಗೆ ಒಂದು ಮೇಲ್ ಹಾಕಿ ಕೇಳಿ. ಆಡುವ ಕೋಲು, ಅಂದರೆ ಕ್ಲಬ್, ಬಾಡಿಗೆಗೆ ಬೇಕಿದ್ದರೂ ಅದೇ ಮೇಲ್‌ನಲ್ಲಿ ಬರೆಯಿರಿ.

## ಟೀ ಮೇಲೆ ನಿಂತ ಮೇಲೆ

ಕೋರ್ಸ್ ಮೇಲೆ ಹಸು ಓಡಾಡ್ತವೆ ಅಂತಾರೆ, ನಿಜವಾ?

ನಿಜ. ಚಳಿಗಾಲದಲ್ಲಿ ಹಸು, ಕುರಿ ಎಲ್ಲ ಅಲ್ಲೇ ಮೇಯುತ್ತವೆ. ಹಸು ಕೋರ್ಸ್‌ಗೆ ನುಗ್ಗಿದೆ ಅಂತ ಅಂದುಕೊಳ್ಳಬೇಡಿ. ಕೋರ್ಸೇ ಹಸುಗಳ ಜಾಗದಲ್ಲಿದೆ. ನಮ್ಮ ಹಳ್ಳಿಗಳ ಗೋಮಾಳ ನೆನಪಿಸಿಕೊಳ್ಳಿ, ಹೆಚ್ಚು ಕಮ್ಮಿ ಅದೇ. ಇಲ್ಲಿ ಸಣ್ಣ ಹಿಡುವಳಿ ರೈತರನ್ನು ಕ್ರಾಫ್ಟರ್ ಅನ್ನುತ್ತಾರೆ. ಒಬ್ಬೊಬ್ಬರಿಗೂ ಸ್ವಂತ ಬಳಕೆಗೆ ತುಂಡು ಜಮೀನು, ಜೊತೆಗೆ ಊರೊಟ್ಟಿನ ಹುಲ್ಲುಗಾವಲಿನಲ್ಲಿ ಪಾಲು. ಯಾರು ಎಷ್ಟು ದನ, ಎಷ್ಟು ಕುರಿ ಬಿಡಬಹುದು ಅನ್ನುವುದಕ್ಕೂ ಲೆಕ್ಕ ಇದೆ, ಅದನ್ನು ಸೌಮಿಂಗ್ ಅನ್ನುತ್ತಾರೆ.

ಬೇಸಿಗೆಯಲ್ಲಿ ದನಗಳನ್ನು ಗುಡ್ಡದ ಕಡೆ ಹೊಡೆಯುತ್ತಾರೆ. ಆಗ ಹುಲ್ಲು, ಹೂವು ಬೆಳೆಯುತ್ತದೆ, ಆಟವೂ ಜೋರಾಗುತ್ತದೆ. ಚಳಿಗಾಲದಲ್ಲಿ ಮತ್ತೆ ದನ ಬರುತ್ತವೆ, ಗ್ರೀನ್‌ಗಳಿಗೆ ಬೇಲಿ ಬೀಳುತ್ತದೆ. ಬೇಲಿಗೆ ಕರೆಂಟ್ ಇರಬಹುದು. ದಾಟುವಾಗ ಒದ್ದೆ ಕೈಯಲ್ಲಿ ಮುಟ್ಟಬೇಡಿ. ದನ ಎದುರಾದರೆ ಸುತ್ತಿ ಹೋಗಿ. ಕರು ಜೊತೆಗಿದ್ದರೆ ಇನ್ನೂ ದೂರ. ಗೇಟ್ ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇಡಿ. ನಾಯಿ ಇದ್ದರೆ ಹಗ್ಗ ಬಿಚ್ಚಬೇಡಿ.

ಚೆಂಡು ಸಗಣಿ ಮೇಲೆ ಬಿದ್ರೆ? ಮೊಲದ ಬಿಲದೊಳಗೆ ಹೋದ್ರೆ?

ನಗಬೇಡಿ, ಇದು ಇಲ್ಲಿ ದಿನನಿತ್ಯದ ಪ್ರಶ್ನೆ. ಗಾಲ್ಫ್ ನಿಯಮದಲ್ಲಿ ಪ್ರಾಣಿಗಳ ಹಿಕ್ಕೆ ಲೂಸ್ ಇಂಪೆಡಿಮೆಂಟ್ ಪಟ್ಟಿಯಲ್ಲಿದೆ. ಒಣಗಿದ ಎಲೆ, ಕಡ್ಡಿ ಇದ್ದ ಹಾಗೆ. ಪೆನಾಲ್ಟಿ ಇಲ್ಲದೆ ತೆಗೆದುಹಾಕಬಹುದು. ತೆಗೆಯುವಾಗ ಚೆಂಡು ಮಾತ್ರ ಅಲುಗಬಾರದು. ಅಲುಗಿದರೆ, ಗ್ರೀನ್ ಮತ್ತು ಟೀ ಬಿಟ್ಟು ಬೇರೆಡೆ ಒಂದು ಸ್ಟ್ರೋಕ್ (ಹೊಡೆತ) ದಂಡ. ಹಾಗಾಗಿ ಚೆಂಡು ಒದ್ದೆ ಸಗಣಿಯಲ್ಲೇ ಹೂತಿದ್ದರೆ ಕಷ್ಟ. ಜೊತೆಗಾರರು ಒಪ್ಪಿದರೆ ನಗುತ್ತಾ ಎತ್ತಿ ಪಕ್ಕಕ್ಕೆ ಇಡಿ. ಸ್ಪರ್ಧೆ ಆಗಿದ್ದರೆ ಸ್ಥಳೀಯ ನಿಯಮ ಏನಿದೆ ಅಂತ ಸ್ಕೋರ್ ಕಾರ್ಡ್ ಹಿಂದೆ ನೋಡಿ.

ಮೊಲದ ಬಿಲಕ್ಕೆ ಉತ್ತರ ಸುಲಭ. ನಿಯಮ 16ರ ಪ್ರಕಾರ ಪ್ರಾಣಿ ತೋಡಿದ ಗುಂಡಿಗೆ ಬಿದ್ದರೆ ದಂಡ ಇಲ್ಲದೆ ಚೆಂಡನ್ನು ಹೊರಗೆ ಬಿಟ್ಟು ಆಡಬಹುದು. ಆದರೆ ಚೆಂಡು ಅದರೊಳಗೇ ಹೋಯಿತು ಅಂತ ಬಹುತೇಕ ಖಚಿತ ಇರಬೇಕು. "ಬಿಲಕ್ಕೆ ಹೋಗಿರಬಹುದು" ಅಂತ ಗುಮಾನಿ ಇದ್ದರೆ ಸಾಲದು. ಹುಡುಕಲು ಮೂರೇ ನಿಮಿಷ. ಮ್ಯಾರಮ್ ಅನ್ನುವ ಮರಳುಹುಲ್ಲು ಮೊಣಕಾಲೆತ್ತರ ಇರುತ್ತದೆ, ಅದರೊಳಗೆ ಹೋದ ಚೆಂಡಿನ ಆಸೆ ಬಿಡಿ. ಬ್ಯಾಗ್‌ನಲ್ಲಿ ಚೆಂಡು ಜಾಸ್ತಿ ಇರಲಿ.

ನನ್ನ ಹ್ಯಾಂಡಿಕ್ಯಾಪ್ 24. ಆಡೋಕೆ ಬಿಡ್ತಾರಾ? ಕ್ಯಾಡಿ, ಬಗ್ಗಿ ಸಿಗುತ್ತಾ?

ಬಿಡುತ್ತಾರೆ, ಯಾರೂ ಮುಖ ನೋಡಿ ಅಳೆಯುವುದಿಲ್ಲ. (ಹ್ಯಾಂಡಿಕ್ಯಾಪ್ ಅಂದರೆ ಆಟಗಾರನ ಮಟ್ಟ ಹೇಳುವ ಅಂಕಿ, ಜಾಸ್ತಿ ಇದ್ದಷ್ಟೂ ಆಟ ಕಚ್ಚಾ.) ಕೋರ್ಸ್ ಸುಮಾರು 6200 ಗಜ, ಪಾರ್ (ನುರಿತವರು ಮುಗಿಸಬೇಕಾದ ಹೊಡೆತಗಳ ಲೆಕ್ಕ) 72. ಅಂಕಿ ನೋಡಿದರೆ ಚಿಕ್ಕದು, ಗಾಳಿ ಬಂದ ದಿನ ಅಂಕಿಗೆ ಅರ್ಥ ಇಲ್ಲ. ಬೆಂಗಳೂರಿನ ಹಾಗೆ ಕ್ಯಾಡಿ ಕಾಯುತ್ತಾ ಕೂತಿರುತ್ತಾರೆ ಅಂದುಕೊಳ್ಳಬೇಡಿ. ಬ್ಯಾಗ್ ನೀವೇ ಹೊರಬೇಕು. ಹಾಗಾಗಿ ಭಾರದ ಕ್ಲಬ್‌ಗಳನ್ನು ಮನೆಯಲ್ಲೇ ಬಿಡಿ, ಹತ್ತು ಕ್ಲಬ್ ಸಾಕು. ನಡೆಯಲು ಕಷ್ಟ ಇರುವವರು ಬುಕ್ ಮಾಡುವಾಗಲೇ ಹೇಳಿ. ದಿಬ್ಬ ಹತ್ತಿಳಿಯುವ ಎರಡನೇ ಭಾಗ ಮೊಣಕಾಲಿಗೆ ಹಗುರ ಅಲ್ಲ.

ಗಾಳಿಯಲ್ಲಿ ಚೆಂಡು ಎಲ್ಲಿಗೋ ಹೋಗುತ್ತೆ. ಹೇಗೆ ಹೊಡೀಬೇಕು?

ಎತ್ತಬೇಡಿ, ಉರುಳಿಸಿ. ನಮ್ಮಲ್ಲಿ ಗ್ರೀನ್ ಮೆತ್ತಗೆ, ನೀರು ಕುಡಿದಿರುತ್ತದೆ. ವೆಜ್ (ಚೆಂಡು ಮೇಲಕ್ಕೆತ್ತುವ ಕ್ಲಬ್) ಹಿಡಿದು ಮೇಲಕ್ಕೆ ಹೊಡೆದರೆ ಬಿದ್ದಲ್ಲೇ ನಿಲ್ಲುತ್ತದೆ. ಇಲ್ಲಿ ಕೆಳಗಿರುವುದು ಮರಳು, ನೀರು ನಿಲ್ಲುವುದಿಲ್ಲ, ನೆಲ ಗಟ್ಟಿ. ಎತ್ತರದಿಂದ ಬಿದ್ದ ಚೆಂಡು ಪುಟಿದು ಆಚೆ ದಿಬ್ಬಕ್ಕೆ ಹೋಗುತ್ತದೆ. 7 ಐರನ್ ಅನ್ನುವ ಕ್ಲಬ್ ತೆಗೆದುಕೊಂಡು ಗ್ರೀನ್‌ಗೆ ಮೂವತ್ತು ಗಜ ಮೊದಲೇ ನೆಲಕ್ಕೆ ತಾಗಿಸಿ, ಉಳಿದ ಕೆಲಸ ಇಳಿಜಾರಿಗೆ ಬಿಡಿ. ಗ್ರೀನ್ ಹೊರಗಿಂದಲೂ ಚೆಂಡು ಉರುಳಿಸುವ ಪಟ್ಟರ್ ಬಳಸಿ, ಇಲ್ಲಿ ಅದಕ್ಕೆ ಯಾರೂ ನಗುವುದಿಲ್ಲ.

ಎದುರುಗಾಳಿಗೆ ಜೋರಾಗಿ ಹೊಡೆಯುವುದು ಎಲ್ಲರೂ ಮಾಡುವ ಕೆಲಸ. ಜೋರು ಹೊಡೆತಕ್ಕೆ ಸ್ಪಿನ್ ಜಾಸ್ತಿ, ಸ್ಪಿನ್ ಜಾಸ್ತಿ ಆದರೆ ಚೆಂಡು ಇನ್ನೂ ಮೇಲೇರುತ್ತದೆ, ಮೇಲೇರಿದ್ದನ್ನು ಗಾಳಿ ಹಿಂದಕ್ಕೆ ತಳ್ಳುತ್ತದೆ. ಎರಡು ಕ್ಲಬ್ ದೊಡ್ಡದು ತೆಗೆದುಕೊಂಡು ಮುಕ್ಕಾಲು ಸ್ವಿಂಗ್ ಮಾಡಿ. ಪಟ್ ಮಾಡುವಾಗ ಕಾಲು ಸ್ವಲ್ಪ ಅಗಲಿಸಿ ನಿಲ್ಲಿ, ಗಾಳಿ ನಿಮ್ಮನ್ನೇ ಅಲ್ಲಾಡಿಸುತ್ತದೆ.

ಎಲ್ಲರೂ ಹೇಳೋ ಆ ಫೇಮಸ್ ಹೋಲ್ ಯಾವುದು?

16ನೆಯದು. ಹೆಸರು ಓಲ್ಡ್ ಟಾಮ್ಸ್ ಪಲ್ಪಿಟ್. ಪಾದ್ರಿ ನಿಂತು ಪ್ರವಚನ ಮಾಡುವ ಕಟ್ಟೆಯಂತೆ ಗ್ರೀನ್ ಎತ್ತರದಲ್ಲಿ ಕೂತಿದೆ. ನನಗೆ ಮಾತ್ರ 7ನೆಯದೇ ಇಷ್ಟ. ಆರು ಹೋಲ್ ಸಪಾಟು ನೆಲದಲ್ಲಿ ನಡೆದು ಬೇಸರ ಶುರುವಾಗುವ ಹೊತ್ತಿಗೆ ಟೀ ಹತ್ತುತ್ತೀರಿ, ಎದುರಿಗೆ ದಿಬ್ಬಗಳ ನಡುವೆ ಹುಲ್ಲಿನ ಓಣಿ, ಪಕ್ಕದಲ್ಲೇ ಇಡೀ ಅಟ್ಲಾಂಟಿಕ್. ಮೊದಲ ಸಲ ಬಂದವರು ಅಲ್ಲಿ ಫೋನ್ ತೆಗೆಯದೆ ಮುಂದೆ ಹೋಗಿದ್ದನ್ನು ನಾನು ಕಂಡಿಲ್ಲ.

## ಸ್ವಲ್ಪ ಒಳಗೆ ಹೋದರೆ

ಓಲ್ಡ್ ಟಾಮ್ ಮಾಡಿದ್ದು ಅಂತಾರಲ್ಲ, ನಿಜವಾ ಅಥವಾ ಮಾರ್ಕೆಟಿಂಗಾ?

ಎರಡೂ ಸ್ವಲ್ಪ ಸ್ವಲ್ಪ. ಓಲ್ಡ್ ಟಾಮ್ ಮಾರಿಸ್ ನಾಲ್ಕು ಸಲ ಓಪನ್ ಚಾಂಪಿಯನ್‌ಶಿಪ್ ಗೆದ್ದವನು, ಸೇಂಟ್ ಆಂಡ್ರೂಸ್ ಕೋರ್ಸ್ ನೋಡಿಕೊಂಡವನು. 1891ರಲ್ಲಿ, 70ನೇ ವಯಸ್ಸಿನಲ್ಲಿ, ಆಗಿನ ಜಮೀನ್ದಾರಿಣಿ ಲೇಡಿ ಗಾರ್ಡನ್ ಕ್ಯಾಥ್‌ಕಾರ್ಟ್ ಪರವಾಗಿ ಇಲ್ಲಿಗೆ ಬಂದು 18 ಹೋಲ್ ಗುರುತಿಸಿದ್ದು ನಿಜ. ಆಮೇಲೆ ಆ ಕೋರ್ಸ್ ಸೊರಗಿತು. 1930ರ ದಶಕದಲ್ಲಿ ಒಂದು ಭಾಗದಲ್ಲಿ ವಿಮಾನ ಇಳಿಯತೊಡಗಿತು. ದಿಬ್ಬಗಳ ಕಡೆಯ ಹೋಲ್‌ಗಳು ಹುಲ್ಲಿನಡಿ ಸೇರಿದವು. ಸಮತಟ್ಟು ನೆಲದ ಒಂಬತ್ತು ಹೋಲ್ ಮಾತ್ರ ಊರಿನ ಕೆಲವರು ಆಡಿಕೊಂಡು ಬಂದರು.

2005ರಲ್ಲಿ ಗಾರ್ಡನ್ ಇರ್ವಿನ್ ಅನ್ನುವ ಹುಲ್ಲುಹಾಸಿನ ತಜ್ಞ ಬಂದು ನೋಡಿ, ನಿಜವಾದ ಕೋರ್ಸ್ ದಿಬ್ಬಗಳಲ್ಲಿರಬೇಕು ಅಂದರು. ತೊಂದರೆ ಏನೆಂದರೆ ಮಾರಿಸ್ ಹಾಕಿದ ನಕ್ಷೆ ಉಳಿದಿಲ್ಲ. ಇರ್ವಿನ್ ಮತ್ತು ವಿನ್ಯಾಸಕಾರ ಮಾರ್ಟಿನ್ ಎಬರ್ಟ್ ನೆಲ ನೋಡಿಯೇ ಗ್ರೀನ್ ಎಲ್ಲಿದ್ದಿರಬಹುದು ಅಂತ ಊಹಿಸಿದರು. ಹಾಗಾಗಿ ಇವತ್ತಿನ ಒಂದೊಂದು ಗ್ರೀನೂ ಮಾರಿಸ್ ಇಟ್ಟ ಜಾಗದಲ್ಲೇ ಇದೆ ಅಂತ ಯಾರಾದರೂ ಆಣೆ ಮಾಡಿದರೆ ನಂಬಬೇಡಿ. ಆದರೆ ಆ ಕಾಲದವರು ಮಣ್ಣು ಅಗೆದು ಕೋರ್ಸ್ ಕಟ್ಟುತ್ತಿರಲಿಲ್ಲ, ಸಮ ಜಾಗ ಸಿಕ್ಕಿದಲ್ಲಿ ಗ್ರೀನ್, ಎತ್ತರ ಸಿಕ್ಕಿದಲ್ಲಿ ಟೀ. ಇವರೂ ಹಾಗೆಯೇ ಮಾಡಿದರು. ಜಾಗ ಹತ್ತು ಗಜ ಆಚೀಚೆ ಆಗಿರಬಹುದು, ರೀತಿ ಅವನದೇ.

ಊರಿನವರಿಗೂ ಗಾಲ್ಫ್‌ನವರಿಗೂ ಜಗಳ ಆಗಿತ್ತಂತೆ?

ಆಗಿತ್ತು, ಕೋರ್ಟ್‌ವರೆಗೂ ಹೋಯಿತು. ಅದರ ಬೇರು ತುಂಬಾ ಹಿಂದಿದೆ. 1838ರಲ್ಲಿ ಕರ್ನಲ್ ಜಾನ್ ಗಾರ್ಡನ್ ಈ ದ್ವೀಪ ಕೊಂಡ. 1851ರಲ್ಲಿ ಇಲ್ಲಿನ ಮತ್ತು ಪಕ್ಕದ ಬಾರಾ ದ್ವೀಪದ ನೂರಾರು ಬಡ ಕುಟುಂಬಗಳನ್ನು ಹಡಗು ಹತ್ತಿಸಿ ಕೆನಡಾಗೆ ಅಟ್ಟಿದ. ಕೆಲವರನ್ನು ಅಟ್ಟಿಸಿಕೊಂಡು ಹೋಗಿ, ಕೈಕಟ್ಟಿ ಹಡಗಿಗೆ ಹಾಕಿದ್ದರ ದಾಖಲೆ ಇದೆ. ಮಾರಿಸ್‌ನನ್ನು ಕರೆಸಿದ ಲೇಡಿ ಕ್ಯಾಥ್‌ಕಾರ್ಟ್ ಈ ಕರ್ನಲ್‌ನ ಸೊಸೆ. ರೈತರಿಗೆ ಹಿಡುವಳಿ ಭದ್ರತೆ ಸಿಕ್ಕಿದ್ದು 1886ರ ಕ್ರಾಫ್ಟರ್ ಕಾಯ್ದೆಯಿಂದ. ಇಷ್ಟು ಹಿಂದಿನ ಕಥೆ ಗೊತ್ತಿದ್ದವರಿಗೆ, ದೊಡ್ಡವರ ಆಟಕ್ಕಾಗಿ ಮೇವಿನ ನೆಲ ಕೇಳಿದಾಗ ಹೊಟ್ಟೆ ಉರಿಯದೆ ಇರುತ್ತಾ?

2006ರಲ್ಲಿ ಊರಿನವರೇ ಸೇರಿ 93,000 ಎಕರೆ ಎಸ್ಟೇಟ್ ಅನ್ನು ಕೊಂಡರು. ಅದನ್ನು ನಡೆಸುವುದು ಸ್ಟೋರಸ್ ಯೂಯಿಸ್ಟ್ ಅನ್ನುವ ಸಮುದಾಯ ಸಂಸ್ಥೆ. ಈಗ ಜಮೀನ್ದಾರ ಇಲ್ಲ, ಊರೇ ಒಡೆಯ. ಕೋರ್ಸ್ ಬಂದರೆ ನಾಲ್ಕು ಜನಕ್ಕೆ ಕೆಲಸ, ಹೋಟೆಲ್‌ಗೆ ವ್ಯಾಪಾರ ಅಂದರು ಕೆಲವರು. ನಮ್ಮನ್ನು ಕೇಳದೆ ನಮ್ಮ ಮೇವಿನ ನೆಲ ಹೇಗೆ ಕೊಟ್ಟಿರಿ ಅಂದರು ಕೆಲವು ಕ್ರಾಫ್ಟರ್‌ಗಳು. ಎರಡು ಕಡೆಯೂ ನ್ಯಾಯ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಈಗ ಆಟವೂ ನಡೆಯುತ್ತದೆ, ದನವೂ ಮೇಯುತ್ತದೆ. ಅಲ್ಲಿನ ಪಬ್‌ನಲ್ಲಿ ಕೂತು ಈ ವಿಷಯ ನೀವಾಗಿ ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ.

ಗೊಬ್ಬರ, ಔಷಧಿ ಏನೂ ಹಾಕಲ್ಲ ಅಂತಾರೆ. ಹಾಗಿದ್ರೆ ಗ್ರೀನ್ ಹೇಗೆ ಉಳಿಯುತ್ತೆ?

ಅದರ ಗುಟ್ಟು ಮಾಖರ್. ಗೇಲಿಕ್ ಜನ ಈ ಕರಾವಳಿ ಹುಲ್ಲುಗಾವಲನ್ನು ಹಾಗೆ ಕರೆಯುತ್ತಾರೆ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ನ ಪಶ್ಚಿಮ ತೀರ ಬಿಟ್ಟರೆ ಬೇರೆಲ್ಲೂ ಇಂಥದ್ದಿಲ್ಲ. ಒಂದು ಹಿಡಿ ಮರಳು ಎತ್ತಿ ನೋಡಿ. ಅದರಲ್ಲಿ ಬಹುಪಾಲು ಪುಡಿಯಾದ ಕಪ್ಪೆಚಿಪ್ಪು, ಅಂದರೆ ಸುಣ್ಣ. ಚಳಿಗಾಲದ ಗಾಳಿ ಅದನ್ನು ಒಳನಾಡಿಗೆ ತೂರುತ್ತದೆ. ಒಳಗಿನ ಪೀಟ್ (ಕೊಳೆತ ಗಿಡಗಳಿಂದಾದ ಜೌಗು ಮಣ್ಣು) ನೆಲ ಹುಳಿ, ಸುಣ್ಣ ಸೇರಿದ ದಂಡೆ ಹಾಗಲ್ಲ. ನೀರು ಸರ್ರನೆ ಇಳಿದು ಹೋಗುತ್ತದೆ, ಫೆಸ್ಕ್ಯೂ ಅನ್ನುವ ತೆಳ್ಳನೆಯ ಹುಲ್ಲು ಇಂಥ ಬಡ ನೆಲದಲ್ಲೇ ಚೆನ್ನಾಗಿ ಬೆಳೆಯುವುದು. ಗೊಬ್ಬರ ಸುರಿದರೆ ಒರಟು ಹುಲ್ಲು ಬಂದು ಇದನ್ನು ನುಂಗುತ್ತದೆ. ದನ ಮೇಯ್ದು ಉದ್ದ ಹುಲ್ಲನ್ನು ತೆಗೆಯುತ್ತವೆ, ಹೂವಿಗೆ ಜಾಗ ಆಗುತ್ತದೆ. ಮೊಲ ಮೇಯ್ದು ನುಣ್ಣಗೆ ಮಾಡುತ್ತದೆ, ಜೊತೆಗೆ ಬಿಲವನ್ನೂ ತೋಡುತ್ತದೆ.

ಈ ನೆಲ ನಂಬಿದ ಹಕ್ಕಿಗಳಿವೆ. ನಮ್ಮ ಟಿಟ್ಟಿಭದ ಬಳಗದ ಲ್ಯಾಪ್‌ವಿಂಗ್, ಕೆಂಪು ಕೊಕ್ಕಿನ ಆಯ್‌ಸ್ಟರ್‌ಕ್ಯಾಚರ್, ರೆಡ್‌ಶ್ಯಾಂಕ್ ಎಲ್ಲ ನೆಲದಲ್ಲೇ ಮೊಟ್ಟೆ ಇಡುತ್ತವೆ. ಮೇ, ಜೂನ್‌ನಲ್ಲಿ ಹಕ್ಕಿ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ಗೂಡು ಹತ್ತಿರದಲ್ಲಿದೆ ಅಂತ ಅರ್ಥ. ಚೆಂಡು ಬಿಟ್ಟು ಹಿಂದೆ ಸರಿಯಿರಿ. ಸಂಜೆ ಹೊತ್ತು ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದಂತೆ ಕ್ರೆಕ್ಸ್ ಕ್ರೆಕ್ಸ್ ಅಂತ ಕೇಳಿಸಿದರೆ ಅದು ಕಾರ್ನ್‌ಕ್ರೇಕ್. ಬ್ರಿಟನ್ನಿನ ಬೇರೆ ಕಡೆ ಹೆಚ್ಚು ಕಮ್ಮಿ ಮಾಯವಾದ ಹಕ್ಕಿ. ಕಣ್ಣಿಗೆ ಬೀಳುವುದು ಅಪರೂಪ.

ಇಷ್ಟು ದೂರ ಬಂದ ಮೇಲೆ ಹತ್ತಿರದಲ್ಲಿ ಇನ್ಯಾವ ಕೋರ್ಸ್ ಆಡಬಹುದು?

ಬೆನ್‌ಬೆಕ್ಯುಲಾದಲ್ಲಿ ಏರ್‌ಪೋರ್ಟ್ ಹತ್ತಿರವೇ ಒಂಬತ್ತು ಹೋಲ್ ಇದೆ. ವಿಮಾನಕ್ಕೆ ಮೊದಲು ಸಮಯ ಇದ್ದರೆ ಆಡಿ. ಎರಿಸ್ಕೇಯಿಂದ 40 ನಿಮಿಷದ ಫೆರ್ರಿ ಹತ್ತಿದರೆ ಬಾರಾ, ಅಲ್ಲೂ ಒಂಬತ್ತು ಹೋಲ್, ಗ್ರೀನ್ ಸುತ್ತ ಬೇಲಿ. ಬಾರಾದಲ್ಲಿ ವಿಮಾನ ಕಡಲತೀರದ ಮರಳ ಮೇಲೇ ಇಳಿಯುತ್ತದೆ, ಟೈಮ್‌ಟೇಬಲ್ ಉಬ್ಬರ ಇಳಿತ ನೋಡಿ ಮಾಡಿರುತ್ತಾರೆ. ಗಾಲ್ಫ್ ಆಡದಿದ್ದರೂ ಅದನ್ನು ನೋಡಲು ಹೋಗಬಹುದು.

ಉತ್ತರಕ್ಕೆ ಹೋಗುವ ಮನಸ್ಸಿದ್ದರೆ ಹ್ಯಾರಿಸ್. ನಾರ್ತ್ ಯೂಯಿಸ್ಟ್‌ನ ಉತ್ತರದ ಬರ್ನರೇಯಿಂದ ಬಂಡೆಗಳ ನಡುವೆ ಹಾವಿನಂತೆ ಸುತ್ತಿಕೊಂಡು ಹೋಗುವ ಫೆರ್ರಿ ಸುಮಾರು ಒಂದು ಗಂಟೆಯಲ್ಲಿ ದಾಟಿಸುತ್ತದೆ. ಅಲ್ಲಿ ಸ್ಕರಿಸ್ತಾ ಕಡಲತೀರದ ಮೇಲಿನ ಕೋರ್ಸ್‌ನಲ್ಲಿ ಶುಲ್ಕವನ್ನು ಪೆಟ್ಟಿಗೆಯೊಳಗೆ ನೀವೇ ಹಾಕುವ ಪದ್ಧತಿ ಬಹಳ ಕಾಲದಿಂದ ಬಂದಿದೆ. ಒಂದು ವಿಷಯ ಮಾತ್ರ ಪ್ಲ್ಯಾನ್ ಮಾಡುವಾಗಲೇ ಗೊತ್ತಿರಲಿ. ಸೌತ್ ಯೂಯಿಸ್ಟ್, ಬಾರಾ ಕ್ಯಾಥೊಲಿಕ್ ದ್ವೀಪಗಳು, ಭಾನುವಾರ ಪೂಜೆ ಮುಗಿಸಿ ಆಡಲು ಬರುತ್ತಾರೆ. ಹ್ಯಾರಿಸ್ ಕಟ್ಟಾ ಪ್ರೆಸ್ಬಿಟೇರಿಯನ್, ಅಲ್ಲಿ ಭಾನುವಾರ ಗಾಲ್ಫ್ ಇಲ್ಲ. ಆದ್ದರಿಂದ ಶುಕ್ರವಾರ ಹ್ಯಾರಿಸ್‌ನಲ್ಲಿ ಆಡಿ, ಶನಿವಾರ ಫೆರ್ರಿ ಹತ್ತಿ ಕೆಳಗೆ ಬನ್ನಿ, ಭಾನುವಾರದ ಟೀ ಟೈಮ್ ಆಸ್ಕರ್ನಿಶ್‌ನಲ್ಲಿ ತೆಗೆದುಕೊಳ್ಳಿ. ಪೆಟ್ರೋಲ್ ಶನಿವಾರವೇ ತುಂಬಿಸಿ.